ಹಿಂಡಲಗಾದ ರಸ್ತೆಗೆ ದುಡ್ಡು ಕೊಟ್ಟವರು ಯಾರು?



ಮಳೆಗಾಲ ಮುಗಿದು ಕೊನೆಗಾರರನ್ನು ಹುಡುಕಿಕೊಂಡು ಅಲೆಯುವ ಹೊತ್ತಿಗೆ ನಮ್ಮ ಸಂಘದ ಕಚೇರಿಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ರಸ್ತೆಯ ಮೇಲಿನವು. ಕೊಳೆರೋಗದ ಬಗೆಗೆ ಬರೆಯುವವರೂ ಕೊನೆಯಲ್ಲಿ ಒಂದು ಸಾಲು ಮೋರಿಯ ಬಗೆಗೆ ಬರೆಯದೆ ಮುಗಿಸುವುದಿಲ್ಲ. ಅಂಥ ಪತ್ರಗಳನ್ನು ಓದಿ, ಫೈಲಿಗೆ ಸೇರಿಸಿ, ಪಂಚಾಯಿತಿಗೆ ಒಂದು ಪ್ರತಿ ಕಳಿಸಿ ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಈ ಸಲ ಬಂದ ಒಂದು ಪತ್ರವನ್ನು ಹಾಗೆ ಫೈಲಿಗೆ ಹಾಕಲಾಗಲಿಲ್ಲ.

ಪತ್ರ ಬರೆದವರು ಎರಡೂವರೆ ಎಕರೆ ತೋಟದ ಸದಸ್ಯರು. ಅವರ ಕೇರಿಯ ಹದಿನಾಲ್ಕು ಮನೆಗಳಿಗೆ ಇರುವ ಒಂದೇ ದಾರಿಯಲ್ಲಿ ಹಳ್ಳದ ಮೋರಿ ಕೊಚ್ಚಿಹೋಗಿದೆ. ರಾಜಕೀಯದಲ್ಲಿ ಹೆಸರಿರುವ ಒಬ್ಬರು ಸ್ಥಳಕ್ಕೆ ಬಂದು ನೋಡಿ, "ಸದ್ಯ ನೀವೇ ಒಟ್ಟಾಗಿ ಕೆಲಸ ಶುರು ಮಾಡಿಕೊಳ್ಳಿ, ಬಿಲ್ಲು ಆಮೇಲೆ ಮಾಡಿಸೋಣ, ನಾನಿದ್ದೇನೆ" ಎಂದು ಭರವಸೆ ಕೊಟ್ಟು ಹೋಗಿದ್ದಾರೆ. ಅದನ್ನು ನಂಬಿ ಹದಿನಾಲ್ಕು ಮನೆಯವರು ಸೇರಿ ಸಂಘದಿಂದ ಮಧ್ಯಮಾವಧಿ ಸಾಲ ಕೇಳಿದ್ದಾರೆ. ಈಡಿಗೆ ತೋಟ ಬರೆದುಕೊಡಲೂ ಸಿದ್ಧರಿದ್ದಾರೆ. "ಸರಕಾರದ ದುಡ್ಡು ಬಂದ ಕೂಡಲೇ ತೀರಿಸಿಬಿಡುತ್ತೇವೆ" ಎಂಬುದು ಪತ್ರದ ಕೊನೆಯ ಮಾತು.

ಆಡಳಿತ ಮಂಡಳಿಯ ಸಭೆಯಲ್ಲಿ ಎರಡು ಅಭಿಪ್ರಾಯ ಬಂತು. ಸದಸ್ಯರ ಕಷ್ಟಕ್ಕಾಗದ ಸಂಘ ಇದ್ದೇನು ಫಲ ಎಂದು ಕೆಲವರು; ಸರಕಾರ ಕಟ್ಟಬೇಕಾದ ಮೋರಿಗೆ ತೋಟ ಅಡವಿಡುವುದೇ ಎಂದು ಕೆಲವರು. ಆ ಚರ್ಚೆಯಲ್ಲಿ ಒಬ್ಬರು ಹೇಳಿದ ಒಂದೇ ಒಂದು ಹೆಸರು ಎಲ್ಲರನ್ನೂ ಸುಮ್ಮನಾಗಿಸಿತು: ಹಿಂಡಲಗಾ. ಖಾನಾಪುರದ ಕಡೆಗೆ ಸಂಘದ ಬೇರೆ ಕೆಲಸವೂ ಇದ್ದುದರಿಂದ ನಾವು ಇಬ್ಬರು ಆ ಊರನ್ನೂ ನೋಡಿ ಬಂದೆವು. ಈ ಲೇಖನ ಆ ಸದಸ್ಯರಿಗೆ ಕೊಡಬೇಕಾದ ಉತ್ತರವೂ ಹೌದು, ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೂ ಹೌದು.

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಹೊರಟರೆ ದಂಡಿನ ಪ್ರದೇಶ ದಾಟುವಷ್ಟರಲ್ಲಿ ಹಿಂಡಲಗಾ ಬಂದೇ ಬಿಡುತ್ತದೆ. ಊರು ಎಲ್ಲಿ ಶುರುವಾಯಿತು, ನಗರ ಎಲ್ಲಿ ಮುಗಿಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಹೆಚ್ಚಿನವರಿಗೆ ಈ ಹೆಸರು ಗೊತ್ತಿರುವುದು ಜೈಲಿನಿಂದ. 1923ರಲ್ಲಿ ಕಟ್ಟಿದ ಆ ಕಾರಾಗೃಹದಲ್ಲಿ ಸ್ವಾತಂತ್ರ್ಯ ಹೋರಾಟಗಾರರೂ ಇದ್ದರು, ಗಲ್ಲಿನ ಶಿಕ್ಷೆಯಾದವರೂ ಇದ್ದರು. ಬೆಳಗಾವಿಯ ಮನೆವಾರ್ತೆಯವರಿಗೆ ಮಾತ್ರ ಹಿಂಡಲಗಾ ಎಂದರೆ ನೀರು. ಮಾರ್ಕಂಡೇಯ ನದಿಗೆ ಕಟ್ಟಿದ ರಕ್ಕಸಕೊಪ್ಪ ಜಲಾಶಯದ ನೀರು ಹಿಂಡಲಗಾದ ಪಂಪುಮನೆಗೆ ಬಂದು ಅಲ್ಲಿಂದ ನಗರಕ್ಕೆ ಏರುತ್ತದೆ. ಪಂಪು ಕೆಟ್ಟರೆ, ವಿದ್ಯುತ್ತು ಹೋದರೆ, ಬೆಳಗಾವಿಯಲ್ಲಿ ಕೊಡಗಳ ಸಾಲು ನಿಲ್ಲುತ್ತದೆ. ಜಲಾಶಯದ ಮಟ್ಟ 2,475 ಅಡಿ ಮುಟ್ಟಿತೇ ಇಲ್ಲವೇ ಎಂಬುದು ಪ್ರತಿ ಮಳೆಗಾಲದಲ್ಲೂ ಅಲ್ಲಿನ ಪತ್ರಿಕೆಗಳ ಸುದ್ದಿ. ನಮ್ಮಲ್ಲಿ ಮೊದಲ ಹೂಮಳೆ ಎಷ್ಟು ಸೆಂಟು ಬಿತ್ತೆಂದು ಕೇಳುವಂತೆಯೇ ಇದು.

ಆ ನಗರದ ನೀರಿಗೆ ಕಾಗದಪತ್ರ ಎಷ್ಟು ದೂರ ಓಡಾಡಿದೆ ಎಂಬುದನ್ನು ನೋಡಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಮೂರು ಕಡೆ ಇಪ್ಪತ್ತನಾಲ್ಕು ಗಂಟೆ ನೀರು ಕೊಡುವ ಪ್ರಯೋಗಕ್ಕೆ 2004ರಲ್ಲಿ ವಿಶ್ವಬ್ಯಾಂಕಿನ ಸಾಲ ಮಂಜೂರಾಯಿತು. 2008ರ ಹೊತ್ತಿಗೆ ಬೆಳಗಾವಿಯ ಹತ್ತು ವಾರ್ಡುಗಳಲ್ಲಿ ನಲ್ಲಿ ಹಗಲೂ ರಾತ್ರಿಯೂ ಹರಿಯತೊಡಗಿತು. ಅದನ್ನು ಮುಂದುವರಿಸಲು 2016ರಲ್ಲಿ ಅದೇ ಬ್ಯಾಂಕು ರಾಜ್ಯಕ್ಕೆ ಮತ್ತೆ ಹತ್ತು ಕೋಟಿ ಡಾಲರ್ ಸಾಲ ಒಪ್ಪಿತು. ಆ ಕೆಲಸಗಳಲ್ಲಿ ತಡವಿಲ್ಲ, ತಪ್ಪಿಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಸಾಲ ಯಾರದು, ತೀರಿಸುವವರು ಯಾರು, ಕೊಳವೆ ಹಾಕುವವರಿಗೆ ಯಾವ ಕಂತಿನಲ್ಲಿ ಹಣ ಎಂಬುದು ಮೊದಲೇ ಬರಹದಲ್ಲಿತ್ತು. ಪಂಪುಮನೆಯಿಂದ ಕೂಗಳತೆಯಲ್ಲಿರುವ ಹಳ್ಳಿಯ ಓಣಿಗೆ ಆ ಭಾಗ್ಯವಿಲ್ಲ.

ಏಕೆಂದರೆ ಹಿಂಡಲಗಾ ನೋಡಲು ನಗರ, ಲೆಕ್ಕದಲ್ಲಿ ಗ್ರಾಮ ಪಂಚಾಯಿತಿ. ಬೆಳಗಾವಿಯ ಸುತ್ತ ಹೀಗೆ ಇರುವ ಊರುಗಳು ಇನ್ನೂ ಇವೆ. ಕಂಗ್ರಾಳಿ, ಬೆನಕನಹಳ್ಳಿ ಹೀಗೆಯೇ ಬೆಳೆದವು. ಹೊಲ ಮಾರಾಟವಾಗುತ್ತದೆ, ಅಲ್ಲಿನವರ ಬಾಯಲ್ಲಿ ಅದು 'ಎನ್.ಎ. ಪ್ಲಾಟ್' ಆಗುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಪಡೆದ ಬಡಾವಣೆ ಒಂದಾದರೆ ಬರಿಯ ಸುಣ್ಣದ ಗೆರೆ ಎಳೆದು ಮಾರಿದ್ದು ಇನ್ನೊಂದು. ಮನೆ ಕಟ್ಟುವವರು ನಗರದಲ್ಲಿ ದುಡಿಯುವವರು, ನಗರದ ಅಂಗಡಿಯಲ್ಲಿ ಕೊಳ್ಳುವವರು, ನಗರದ ಶಾಲೆಗೆ ಮಕ್ಕಳನ್ನು ಕಳಿಸುವವರು. ಕಂದಾಯ ಕಟ್ಟುವುದು ಮಾತ್ರ ಪಂಚಾಯಿತಿಗೆ, ಅದೂ ಹಳ್ಳಿಯ ದರದಲ್ಲಿ. ಮಹಾನಗರಪಾಲಿಕೆಯನ್ನು ಕೇಳಿದರೆ ಅದು ನಮ್ಮ 58 ವಾರ್ಡುಗಳೊಳಗೆ ಬರುವುದಿಲ್ಲ ಎನ್ನುತ್ತದೆ. ಪಂಚಾಯಿತಿಯನ್ನು ಕೇಳಿದರೆ ಇಷ್ಟು ಜನಕ್ಕೆ ಚರಂಡಿ ಮಾಡುವ ಹಣ ನಮ್ಮಲ್ಲೆಲ್ಲಿ ಎನ್ನುತ್ತದೆ. ಎರಡೂ ಉತ್ತರ ಸತ್ಯವೇ.

ಇಲ್ಲಿ ಒಂದು ಸಂಗತಿ ನಮ್ಮ ಸದಸ್ಯರಿಗೂ ತಿಳಿದಿರಲಿ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಪಂಚಾಯಿತಿಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು. ಉಳಿದ 40ರಲ್ಲಿ ರಸ್ತೆ, ಬೀದಿದೀಪ, ಮಿಕ್ಕಿದ್ದೆಲ್ಲ. ಆದ್ದರಿಂದ "ಪಂಚಾಯಿತಿಗೆ ಇಷ್ಟು ಲಕ್ಷ ಬಂದಿದೆಯಲ್ಲ, ನಮ್ಮ ರಸ್ತೆಗೆ ಯಾಕಿಲ್ಲ?" ಎಂದು ಅಧ್ಯಕ್ಷರ ಕೊರಳಪಟ್ಟಿ ಹಿಡಿಯುವ ಮುನ್ನ ಆ ಲಕ್ಷ ಯಾವ ಬಾಬತ್ತಿನದೆಂದು ಕೇಳುವುದು ಒಳ್ಳೆಯದು. ಸ್ವಂತ ಹಣ ಸಾಲದ ಊರು ಮೇಲಿನವರ ಕಡೆ ನೋಡುತ್ತದೆ. ಮೇಲಿನವರು ಎಂದರೆ ಶಾಸಕರು, ಸಚಿವರು, ಅವರ ಸುತ್ತ ಇರುವವರು. ರಸ್ತೆ ಹಕ್ಕಾಗಿ ಬರುವುದಿಲ್ಲ, ಕೃಪೆಯಾಗಿ ಬರುತ್ತದೆ.

ಹಿಂಡಲಗಾದಲ್ಲಿ ಲಕ್ಷ್ಮೀದೇವಿಯ ಜಾತ್ರೆ ಬಹುಕಾಲದ ಮೇಲೆ ನಡೆಯಬೇಕಿತ್ತು. ನೆಂಟರಿಷ್ಟರು ಸಾವಿರಗಟ್ಟಲೆ ಬರುವ ಜಾತ್ರೆಗೆ ಓಣಿಗಳು ಹಾಳುಬಿದ್ದಿದ್ದರೆ ಊರಿನ ಮಾನ ಹೋಗುತ್ತದೆಂದು ಹಿರಿಯರಿಗೆ ಚಿಂತೆ. ಬೆಳಗಾವಿಯ ಗುತ್ತಿಗೆದಾರ ಸಂತೋಷ ಪಾಟೀಲರು ಹೇಳಿಕೊಂಡಂತೆ, ಊರವರು ಬೆಂಗಳೂರಿಗೆ ಹೋಗಿ ಆಗಿನ ಗ್ರಾಮೀಣಾಭಿವೃದ್ಧಿ ಸಚಿವರಾದ ಕೆ.ಎಸ್. ಈಶ್ವರಪ್ಪನವರನ್ನು ಕಂಡು ರಸ್ತೆ, ಚರಂಡಿಗಳನ್ನು ಕೇಳಿದರು. ಕೆಲಸ ಶುರು ಮಾಡಿ ಎಂದು ಬಾಯಿಮಾತಿನ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಅವರು ಆ ಊರಿನಲ್ಲಿ 108 ಕಾಮಗಾರಿಗಳನ್ನು ಮಾಡಿ ಮುಗಿಸಿದರು. ಒಟ್ಟು ಬೆಲೆ ಸುಮಾರು 4 ಕೋಟಿ ರೂಪಾಯಿ. ಕೆಲಸ ಆಯಿತು, ಓಣಿ ಸರಿಯಾಯಿತು, ಬಿಲ್ಲು ಬರಲಿಲ್ಲ. ಬಿಲ್ಲಿಗೆ ನೂರಕ್ಕೆ 40ರಷ್ಟು ಕಮಿಷನ್ ಕೇಳುತ್ತಿದ್ದಾರೆಂದು ಅವರು ದೂರಿದರು. ಪ್ರಧಾನಮಂತ್ರಿಗಳ ವರೆಗೂ ಬರೆದರು. ಸಚಿವರು ಅದನ್ನು ಪೂರ್ತಿಯಾಗಿ ಅಲ್ಲಗಳೆದರು, ಮಾನಹಾನಿಯ ಮೊಕದ್ದಮೆಗೂ ಹೋದರು. ಇಲಾಖೆಯ ಉತ್ತರ ಇನ್ನೂ ಸರಳವಾಗಿತ್ತು: ಈ ಕೆಲಸಗಳಿಗೆ ಮಂಜೂರಾತಿಯೇ ಇಲ್ಲ, ಕಾರ್ಯಾದೇಶವನ್ನೇ ಕೊಟ್ಟಿಲ್ಲ, ಹಾಗಿರುವಾಗ ಹಣ ಕೊಡುವ ಪ್ರಶ್ನೆ ಎಲ್ಲಿಯದು?

2022ರ ಏಪ್ರಿಲ್ 12ರಂದು ಸಂತೋಷ ಪಾಟೀಲರು ಉಡುಪಿಯ ಒಂದು ವಸತಿಗೃಹದಲ್ಲಿ ಶವವಾಗಿ ಸಿಕ್ಕರು. ತಮ್ಮ ಸಾವಿಗೆ ಸಚಿವರೇ ಕಾರಣ ಎಂದು ಅವರು ಕೊನೆಯ ಸಂದೇಶದಲ್ಲಿ ಬರೆದಿದ್ದರು. ಮೊಕದ್ದಮೆ ದಾಖಲಾಯಿತು, ಏಪ್ರಿಲ್ 15ರಂದು ಸಚಿವರು ರಾಜೀನಾಮೆ ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ಪೊಲೀಸರು ಆರೋಪಕ್ಕೆ ತಕ್ಕ ಸಾಕ್ಷ್ಯ ದೊರೆಯಲಿಲ್ಲವೆಂದು ನ್ಯಾಯಾಲಯಕ್ಕೆ 'ಬಿ' ವರದಿ ಸಲ್ಲಿಸಿದರು. ಕಮಿಷನ್ ಕೇಳಿದ್ದು ನಿಜವೋ ಸುಳ್ಳೋ ಎಂಬ ತೀರ್ಮಾನ ನಮ್ಮಂಥವರ ಕೆಲಸವಲ್ಲ. ನಾವು ಕೇಳಹೊರಟದ್ದು ಅದಕ್ಕಿಂತ ಚಿಕ್ಕ ಪ್ರಶ್ನೆ. ಕಮಿಷನ್ನಿನ ಮಾತನ್ನು ಪೂರ್ತಿ ಬದಿಗಿಟ್ಟರೂ ಆ ರಸ್ತೆ ಅಲ್ಲಿದೆಯಲ್ಲ, ಅದಕ್ಕೆ ಹಣ ಕೊಟ್ಟವರು ಯಾರು?

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಸವದತ್ತಿಯ ಎಲ್ಲಮ್ಮ ಇರುವುದೂ ಬೆಳಗಾವಿ ಜಿಲ್ಲೆಯಲ್ಲೇ. ಆ 'ಯಾರದೋ' ಎಂಬಾತನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನೂ ಯಾರಿಂದಲೋ ಸಾಲ ತಂದಿದ್ದಾನೆ ಎಂಬುದು ಗಾದೆ ಹೇಳುವಾಗ ನೆನಪಿಗೆ ಬರುವುದಿಲ್ಲ. ದೊಡ್ಡ ಕಂಪೆನಿಗೆ ಬಿಲ್ಲು ಎರಡು ವರ್ಷ ತಡವಾದರೆ ಅದು ತಾಳಿಕೊಳ್ಳುತ್ತದೆ. ಸಣ್ಣ ಗುತ್ತಿಗೆದಾರ ಜಲ್ಲಿಯವನಿಗೆ, ಸಿಮೆಂಟಿನ ಅಂಗಡಿಗೆ, ಲಾರಿಯವನಿಗೆ, ಕೂಲಿಯವರಿಗೆ ವಾರವಾರ ಎಣಿಸಬೇಕು. ಕೊಡಬೇಕಾದ್ದು ವಾರದ ಲೆಕ್ಕ, ಬರಬೇಕಾದ್ದು ವರ್ಷದ ಲೆಕ್ಕ. ನಮ್ಮ ಕಸುಬೂ ಹೀಗೆಯೇ ಅಲ್ಲವೆ? ಗೊಬ್ಬರಕ್ಕೆ ಈಗ, ಕೊಯ್ಲಿಗೆ ಈಗ, ಕಾಫಿಯ ದುಡ್ಡು ಮಾತ್ರ ಮಾರುಕಟ್ಟೆ ಮನಸ್ಸು ಮಾಡಿದಾಗ.

ಸರಕಾರಿ ಕೆಲಸವೊಂದು ಕಾಗದದ ಮೇಲೆ ನಡೆಯುವ ದಾರಿ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಆ ಪತ್ರ ಬರುತ್ತಿರಲಿಲ್ಲ. ಮೊದಲು ಎಂಜಿನಿಯರು ಅಂದಾಜು ಪಟ್ಟಿ ಮಾಡುತ್ತಾರೆ. ಅದಕ್ಕೆ ಹಣ ಯಾವ ಶೀರ್ಷಿಕೆಯಿಂದ ಎಂದು ತೋರಿಸಿ ಆಡಳಿತಾತ್ಮಕ ಮಂಜೂರಾತಿ ಆಗಬೇಕು, ಅಂದಾಜು ಸರಿಯೆಂದು ತಾಂತ್ರಿಕ ಮಂಜೂರಾತಿ ಆಗಬೇಕು. ಬಳಿಕ ಟೆಂಡರು, ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದು ಕರ್ನಾಟಕ ಮಾಡಿಕೊಂಡ 1999ರ ಕಾಯಿದೆ ಹೇಳುವುದು ಇದನ್ನೇ. ಟೆಂಡರು ಒಪ್ಪಿದ ಮೇಲೆ ಕರಾರು, ಕಾರ್ಯಾದೇಶ. ಕೆಲಸ ಆದಂತೆ ಎಂಜಿನಿಯರು ಅಳತೆ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದ ಆಧಾರದ ಮೇಲೆ ಬಿಲ್ಲು. ಕಾರ್ಯಾದೇಶವಿಲ್ಲದಿದ್ದರೆ ಅಳತೆ ಪುಸ್ತಕದಲ್ಲಿ ಬರೆಯುವವರಿಲ್ಲ, ಅಳತೆ ಪುಸ್ತಕದಲ್ಲಿಲ್ಲದ ಕಾಂಕ್ರೀಟು ಕಣ್ಣೆದುರಿಗಿದ್ದರೂ ಸರಕಾರದ ಪಾಲಿಗೆ ಇಲ್ಲ.

ಇಷ್ಟೆಲ್ಲ ತಿಳಿದ ಗುತ್ತಿಗೆದಾರರೇ ಯಾಕೆ ಕಾಗದವಿಲ್ಲದೆ ಇಳಿಯುತ್ತಾರೆ? ಜಾತ್ರೆ ಕಾಯುವುದಿಲ್ಲ, ಮಳೆ ಕಾಯುವುದಿಲ್ಲ, ಚುನಾವಣೆಯಂತೂ ಕಾಯುವುದೇ ಇಲ್ಲ. ಕಾಗದದ ದಾರಿ ನಿಧಾನ. ಮುಖಂಡನಿಗೆ ಕೆಲಸ ಬೇಗ ಕಾಣಬೇಕು, ಊರಿಗೆ ರಸ್ತೆ ಬೇಗ ಬೇಕು, ಗುತ್ತಿಗೆದಾರನಿಗೆ ಮುಂದಿನ ಕೆಲಸಕ್ಕೆ ಹೆಸರು ಬೇಕು. ಮೂವರಿಗೂ ಅವಸರ. ಎಡವಟ್ಟಾದಾಗ ಮುಖಂಡ "ನಾನು ಹೇಳಿಯೇ ಇಲ್ಲ" ಎನ್ನಬಹುದು, ಊರು "ನಮಗೆ ಗೊತ್ತಿಲ್ಲ" ಎನ್ನಬಹುದು. ಹಾಗೆ ಹೇಳಲಾಗದವನು ಜಲ್ಲಿ ಸುರಿದವನೊಬ್ಬನೇ.

ಇದು ಒಂದು ಪಕ್ಷದ ಕತೆಯೆಂದು ಯಾರೂ ತಿಳಿಯಬೇಡಿ. ರಾಜ್ಯ ಗುತ್ತಿಗೆದಾರರ ಸಂಘದ ಆಗಿನ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣನವರು 2021ರ ಜುಲೈಯಲ್ಲೇ ಪ್ರಧಾನಿಯವರಿಗೆ ಕಮಿಷನ್ ಕಾಟದ ಬಗೆಗೆ ಬರೆದಿದ್ದರು. 2023ರ ವಿಧಾನಸಭಾ ಚುನಾವಣೆಯಲ್ಲಿ 'ನಲವತ್ತು ಪರ್ಸೆಂಟು' ಎಂಬುದು ಗೋಡೆ ಗೋಡೆಯ ಮೇಲೂ ಬಂತು, ಸರಕಾರ ಬದಲಾಯಿತು. ಹೊಸ ಸರಕಾರ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸರ ಆಯೋಗ ನೇಮಿಸಿತು, 2025ರ ಮಾರ್ಚಿಯಲ್ಲಿ ಆಯೋಗ ವರದಿ ಕೊಟ್ಟಿತು. ಅದೇ 2025ರಲ್ಲಿ ಅದೇ ಗುತ್ತಿಗೆದಾರರ ಸಂಘ ಇಲಾಖೆಗಳಿಂದ ಬರಬೇಕಾದ ಬಾಕಿ 30 ಸಾವಿರ ಕೋಟಿ ರೂಪಾಯಿಗೂ ಮೀರಿದೆ ಎಂದು ಹೊಸ ಸರಕಾರದ ಬಾಗಿಲನ್ನೂ ತಟ್ಟಿತು. ಗೋಡೆಯ ಬರಹ ಅಳಿಸಿದರು, ಬಾಕಿಯ ಬರಹ ಬೆಳೆಯಿತು.

ಇನ್ನು ನಗರದೊಳಗಿನ ಮಾತು. ಬೆಳಗಾವಿ ಮಹಾನಗರಪಾಲಿಕೆಯ ಹಿಂದಿನ ಚುನಾಯಿತ ಮಂಡಳಿಯ ಅವಧಿ 2019ರಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಗೆದ್ದವರು ಮೇಯರನ್ನು ಆರಿಸಿಕೊಂಡದ್ದು 2023ರ ಫೆಬ್ರವರಿಯಲ್ಲಿ. ನಾಲ್ಕು ವರ್ಷದಷ್ಟು ಕಾಲ ಲಕ್ಷಾಂತರ ಜನರ ನಗರಕ್ಕೆ ಯಜಮಾನರಿರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯೂ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಹೋಯಿತು. ಗಡಿಯ ಜಗಳ ಬಂದಾಗಲೆಲ್ಲ ಬೆಳಗಾವಿ ನಮ್ಮದೆಂದು ಬೆಂಗಳೂರಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತೇವೆ. 2012ರಲ್ಲಿ ನೂರಾರು ಕೋಟಿಯ ಸುವರ್ಣ ವಿಧಾನಸೌಧವನ್ನೂ ಅಲ್ಲಿ ಕಟ್ಟಿದೆವು. ಚಳಿಗಾಲದ ಕೆಲವು ದಿನ ಅಲ್ಲಿ ದೀಪ ಉರಿಯುತ್ತದೆ. ಪಾಲಿಕೆಗೆ ಮೇಯರು ಬೇಕೆಂದು ಆಗ ಗಂಟಲು ಹರಿದುಕೊಂಡವರು ಕಡಿಮೆ.

ಈ ನಡುವೆ 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಬೆಳಗಾವಿ 'ಸ್ಮಾರ್ಟ್ ಸಿಟಿ' ಆಗಿತ್ತು. ದಾವಣಗೆರೆಯೂ ಆ ಪಟ್ಟಿಯಲ್ಲಿತ್ತು. ಆ ಯೋಜನೆಯ ಕಾಲದಲ್ಲಿ ಶಹಾಪುರದ ಶಿವಾಜಿ ಉದ್ಯಾನದ ಕಡೆಯಿಂದ ಹಳೆಯ ಪಿ.ಬಿ. ರಸ್ತೆಗೆ ಒಂದು ಅಗಲ ರಸ್ತೆ ಮಾಡಿದರು. ರಸ್ತೆ ಚೆನ್ನಾಗಿಯೇ ಆಯಿತು. ಆದರೆ ಖಾಸಗಿಯವರ ಜಾಗವನ್ನು ಕಾಯಿದೆಯಂತೆ ಸ್ವಾಧೀನ ಮಾಡಿಕೊಂಡಿರಲಿಲ್ಲ. ಜಾಗದ ಮಾಲೀಕರು ಹೈಕೋರ್ಟಿಗೆ ಹೋದರು. 2024ರಲ್ಲಿ ಪಾಲಿಕೆಯ ತಲೆಯ ಮೇಲೆ ಸುಮಾರು 20 ಕೋಟಿ ರೂಪಾಯಿ ಪರಿಹಾರದ ಹೊರೆ ಬಂದು ಕುಳಿತಿತು. ಅಷ್ಟು ಹಣ ಎಲ್ಲಿಂದ ತರುವುದು? ಮಾಡಿದವರು ಯಾರು, ಹೇಳಿದವರು ಯಾರು ಎಂದು ಸಭೆಯಲ್ಲಿ ಗದ್ದಲವೋ ಗದ್ದಲ. ಕೊನೆಗೆ ಹಣ ಕೊಡಲಾರದೆ ಪಾಲಿಕೆ ರಸ್ತೆಯಾಗಿದ್ದ ಜಾಗವನ್ನೇ ಮಾಲೀಕರಿಗೆ ಹಿಂದಿರುಗಿಸಿತು. ಜನ ಕೋಟಿ ಕೊಟ್ಟು ರಸ್ತೆ ಮಾಡಿಸಿದರು, ರಸ್ತೆಯೂ ಹೋಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದನ್ನು ಕೇಳಿದ್ದೆವು; ಇಲ್ಲಿ ಬಾಗಿಲನ್ನೂ ಕಿತ್ತು ಕೊಟ್ಟಂತಾಯಿತು.

ಹಿಂಡಲಗಾದಲ್ಲಿ ಕಾಗದವಿಲ್ಲದ್ದಕ್ಕೆ ಕೆಲಸ ಮಾಡಿದವನು ತೆತ್ತ; ಶಹಾಪುರದಲ್ಲಿ ಕಂದಾಯ ಕಟ್ಟುವವರು ತೆತ್ತರು. ಅಪ್ಪಣೆ ಕೊಟ್ಟವರು ಎರಡು ಕಡೆಯೂ ತೆತ್ತದ್ದಿಲ್ಲ.

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ, ಅದು ಇದೇ ಜಾತಿಯದು. ಹುಬ್ಬಳ್ಳಿ-ಧಾರವಾಡದ ಬಾಯಾರಿಕೆಗೆ ಮಹಾದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸಲು 2006ರಲ್ಲಿ ಅಲ್ಲಿ ಕಳಸಾ ನಾಲೆಗೆ ಶಂಕುಸ್ಥಾಪನೆಯಾಯಿತು, ಕಾಡಂಚಿನಲ್ಲಿ ಅಗೆತ ನಡೆಯಿತು. ಒಪ್ಪಿಗೆಗಳೆಲ್ಲ ಕೈಸೇರುವ ಮೊದಲೇ ಅಗೆದದ್ದು. 2014ರಲ್ಲಿ ನ್ಯಾಯಾಧಿಕರಣದ ಮುಂದೆ ಆ ನಾಲೆಯನ್ನು ಗೋಡೆ ಕಟ್ಟಿ ಮುಚ್ಚಬೇಕಾಯಿತು. ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಹಂಚಿ, ಅದರಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18 ಎಂದು ತೀರ್ಪು ಕೊಟ್ಟಿತು. ನೀರು ಬೇಕಾದವರು ಹುಬ್ಬಳ್ಳಿಯವರು, ಅದು ತಪ್ಪಲ್ಲ, ಬಾಯಾರಿಕೆ ಯಾರಿಗಾದರೂ ಬಾಯಾರಿಕೆಯೇ. ಅಗೆದ ಗುಂಡಿಯ ಪಕ್ಕ ವರ್ಷಗಟ್ಟಲೆ ಬಾಳಿದವರು ಕಣಕುಂಬಿಯವರು.

ಇನ್ನು ನಮ್ಮ ಸದಸ್ಯರ ಪ್ರಶ್ನೆ: ಬಾಯಿಮಾತಿನ ಮೇಲೆ ಕೆಲಸ ಮಾಡಿದವನಿಗೆ ಕಾಯಿದೆಯಲ್ಲಿ ಏನೂ ದಿಕ್ಕಿಲ್ಲವೆ? ಇದೆ, ಆದರೆ ದೂರದಲ್ಲಿದೆ. ಸರಕಾರದೊಡನೆ ಮಾಡುವ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯೊಂದಿಗೆ, ಬರಹದಲ್ಲಿ ಇರಬೇಕೆಂದು ಸಂವಿಧಾನದ 299ನೆಯ ಅನುಚ್ಛೇದ ಹೇಳುತ್ತದೆ. ಸಚಿವರ ಮಾತಾಗಲಿ, ಶಾಸಕರ ತಲೆದೂಗುವಿಕೆಯಾಗಲಿ ಕರಾರು ಅಲ್ಲ. ಹೀಗಿದ್ದರೂ 1872ರ ಕರಾರು ಕಾಯಿದೆಯ 70ನೆಯ ಕಲಮು ಒಂದು ಕಿಂಡಿ ಬಿಟ್ಟಿದೆ. ದಾನವೆಂದಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದುಕೊಂಡರೆ, ಪಡೆದವರು ಅದಕ್ಕೆ ಪ್ರತಿಫಲ ಕೊಡಬೇಕು. ಬಂಗಾಳದ ಆರಾಮಬಾಗಿನಲ್ಲಿ 1944ರಲ್ಲಿ ಬಿ.ಕೆ. ಮಂಡಲ್ ಮತ್ತು ಮಕ್ಕಳು ಎಂಬ ಗುತ್ತಿಗೆದಾರರು ಅಧಿಕಾರಿಗಳು ಹೇಳಿದರೆಂದು ಆಹಾರ ಸರಬರಾಜು ಇಲಾಖೆಗೆ ಗೋದಾಮು, ಕಚ್ಚಾರಸ್ತೆ, ಅಡುಗೆಮನೆ ಮುಂತಾದವನ್ನು ಕಟ್ಟಿಕೊಟ್ಟರು. ವಿಧಿವತ್ತಾದ ಕರಾರಿರಲಿಲ್ಲ. ಸರಕಾರ ಕೊಡುವುದಿಲ್ಲ ಎಂದಿತು. ಕಟ್ಟಡ ಬಳಸಿಕೊಂಡ ಮೇಲೆ ಬೆಲೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1961ರ ಡಿಸೆಂಬರಿನಲ್ಲಿ. ನ್ಯಾಯ ಸಿಕ್ಕಿತು ನಿಜ. ಹದಿನೇಳು ವರ್ಷ ಆಯಿತು. ಎರಡೂವರೆ ಎಕರೆಯವನು ಆ ಕಿಂಡಿಯಲ್ಲಿ ನುಸುಳುವಷ್ಟರಲ್ಲಿ ಸಂಘದ ಬಡ್ಡಿ ಅಸಲನ್ನು ದಾಟಿರುತ್ತದೆ.

ಜಾಗದ ವಿಷಯದಲ್ಲಿ ನಮ್ಮವರು ಇನ್ನೂ ಉದಾರಿಗಳು. ರಸ್ತೆ ಅಗಲ ಮಾಡುತ್ತೇವೆ, ಧರೆ ಸ್ವಲ್ಪ ಕಡಿಯುತ್ತೇವೆ ಎಂದರೆ ಸಾಲು ಅಡಿಕೆಮರಗಳನ್ನೇ ಬಿಟ್ಟುಕೊಡುತ್ತಾರೆ. ಬಿಡಬೇಡಿ ಎಂದು ಹೇಳುವಷ್ಟು ಕಲ್ಲು ಮನಸ್ಸು ನಮಗಿಲ್ಲ, ದಾರಿ ಎಲ್ಲರದೂ. ಕಾಯಿದೆಯ ಬಲವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ 300-ಎ ಅನುಚ್ಛೇದವಿದೆ ಎಂಬುದು ಮಾತ್ರ ತಿಳಿದಿರಲಿ. ಬಿಟ್ಟುಕೊಡುವುದೇ ಆದರೆ ಪಂಚಾಯಿತಿಗೆ ದಾನಪತ್ರ ಬರೆದು ನೋಂದಣಿ ಮಾಡಿ, ನಕ್ಷೆಯಲ್ಲಿ ಅಳತೆ ಕಾಣಿಸಿ ಕೊಡಿ. ಬಾಯಿಮಾತಿನಲ್ಲಿ ಬಿಟ್ಟ ಜಾಗದ ಮೇಲೆ ಪಂಚಾಯಿತಿಗೆ ಹಕ್ಕಿಲ್ಲ, ಹಕ್ಕಿಲ್ಲದ ಜಾಗದ ರಸ್ತೆಗೆ ಅನುದಾನ ಹಾಕಲು ಅಧಿಕಾರಿಗಳು ಹಿಂಜರಿಯುತ್ತಾರೆ. ನಿಮ್ಮ ಮಗನ ಕಾಲಕ್ಕೆ ಪಾಲುಪಟ್ಟಿಯಾಗುವಾಗ ಆ ಜಾಗವೇ ಜಗಳಕ್ಕೆ ಬೀಜವೂ ಆಗುತ್ತದೆ. ಶಹಾಪುರದ ರಸ್ತೆಯಲ್ಲಿ ಆದದ್ದು ಅದರದ್ದೇ ದೊಡ್ಡ ರೂಪ.

ಮೋರಿಯ ಪತ್ರ ಬರೆದ ಸದಸ್ಯರಿಗೆ ಆಡಳಿತ ಮಂಡಳಿ ಕೊಟ್ಟ ಉತ್ತರ ಹೀಗಿತ್ತು: ಸಾರ್ವಜನಿಕ ಕಾಮಗಾರಿಗೆ ಕಾರ್ಯಾದೇಶವಿಲ್ಲದೆ ತೋಟದ ಈಡಿನ ಮೇಲೆ ಸಾಲ ಕೊಡುವುದಿಲ್ಲ. ಭರವಸೆ ಕೊಟ್ಟವರಿಂದ ಒಂದು ಸಾಲಿನ ಕಾಗದ ತನ್ನಿ, ಗ್ರಾಮಸಭೆಯಲ್ಲಿ ಮೋರಿಯನ್ನು ಕ್ರಿಯಾಯೋಜನೆಗೆ ಸೇರಿಸಿ ಠರಾವು ಮಾಡಿಸಿ, ಅಂದಾಜು ಪಟ್ಟಿಯ ಪ್ರತಿ ಪಡೆಯಿರಿ. ಠರಾವು ಬರೆಯಲು, ಅರ್ಜಿ ಹಾಕಲು, ತಾಲ್ಲೂಕು ಕಚೇರಿಗೆ ಓಡಾಡಲು ಸಂಘದ ಗುಮಾಸ್ತರು ಜೊತೆಗೆ ಬರುತ್ತಾರೆ, ಅದರ ಖರ್ಚು ಸಂಘದ್ದು. ಈ ನಿರ್ಧಾರ ಒಮ್ಮತದ್ದಲ್ಲ. ಮೂವರು ನಿರ್ದೇಶಕರು ವಿರೋಧಿಸಿದರು, ಅವರ ಮಾತನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಅವರು ಹೇಳಿದ್ದರಲ್ಲಿ ಹುರುಳಿಲ್ಲದಿಲ್ಲ. ಕಾಗದದ ದಾರಿಯಲ್ಲಿ ಹೋದರೆ ಬರುವ ಮಳೆಗಾಲಕ್ಕೂ ಮೋರಿ ಆಗುವ ಖಾತ್ರಿಯಿಲ್ಲ. ಆ ಕೇರಿಯಲ್ಲಿ ಒಬ್ಬ ಬಾಣಂತಿ ಇದ್ದಾಳೆ, ಶಾಲೆಗೆ ಹೋಗುವ ಆರು ಮಕ್ಕಳಿದ್ದಾರೆ.

ಹದಿನೈದು ದಿನಗಳ ಮೇಲೆ ಸದಸ್ಯರಿಂದ ಇನ್ನೊಂದು ಪತ್ರ ಬಂತು. ಭರವಸೆ ಕೊಟ್ಟವರ ಮನೆಗೆ ಹೋಗಿ ಒಂದು ಸಾಲು ಬರೆದುಕೊಡಿ ಎಂದು ಕೇಳಿದರಂತೆ. ಅವರು ಬೇಸರ ಮಾಡಿಕೊಂಡು, "ನಮ್ಮ ನಮ್ಮಲ್ಲಿ ಕಾಗದ ಯಾಕಯ್ಯಾ? ನಂಬಿಕೆ ಇಲ್ಲವಾ?" ಎಂದು ಕೇಳಿ, ಚಹಾ ಕುಡಿಸಿ ಕಳಿಸಿದರಂತೆ. ಕಾಗದ ಕೊಡಲಿಲ್ಲ. ಗ್ರಾಮಸಭೆಯಲ್ಲಿ ಠರಾವು ಆಗಿದೆ, ಎಂಜಿನಿಯರು ಬಂದು ಅಳತೆ ಹಿಡಿದುಕೊಂಡು ಹೋಗಿದ್ದಾರೆ, ಅಂದಾಜು ಪಟ್ಟಿ ತಯಾರಾಗುತ್ತಿದೆ. ಸದ್ಯಕ್ಕೆ ಹಳ್ಳದ ಮೇಲೆ ನಾಲ್ಕು ಅಡಿಕೆ ಮರದ ದಬ್ಬೆ ಹಾಸಿ ಬಳ್ಳಿಯಲ್ಲಿ ಬಿಗಿದು ಸಂಕ ಮಾಡಿಕೊಂಡಿದ್ದಾರೆ. ಕಾಫಿ ಮೂಟೆಯನ್ನು ಆಚೆ ದಡಕ್ಕೆ ತಲೆಹೊರೆಯಲ್ಲಿ ದಾಟಿಸಿ ಜೀಪಿಗೆ ಹಾಕುತ್ತಾರೆ; ಮೂಟೆಗೆ ಇಷ್ಟೆಂದು ಕೂಲಿ ಬೇರೆ. ಆ ಕೂಲಿಯ ಲೆಕ್ಕವನ್ನು ದಿನಾಂಕದೊಂದಿಗೆ ಬರೆದಿಡಿ, ಅರ್ಜಿಯ ಜೊತೆ ಲಗತ್ತಿಸೋಣ ಎಂದು ನಾವು ಮರುಟಪಾಲಿನಲ್ಲಿ ತಿಳಿಸಿದ್ದೇವೆ.